ನಿಮ್ಮ ಹಪ್ಪಳದ ಹೆಸರು ಯಾರ ಹೆಸರಲ್ಲಿದೆ?

(ಮನೆಯಿಂದ್ಲೇ ಆನ್‌ಲೈನ್ ವ್ಯಾಪಾರ ಮಾಡೋರಿಗಾಗಿ ಶಿರಸಿಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಾಡಿದ ಹಾಗೇ ಇಟ್ಟಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹಲಸಿನ ಹಪ್ಪಳದವ್ರಿದ್ದೀರಿ, ಅಪ್ಪೆಮಿಡಿ ಉಪ್ಪಿನಕಾಯಿಯವ್ರಿದ್ದೀರಿ, ಜೇನು, ಜೋನಿ ಬೆಲ್ಲ, ತೊಡದೇವು, ಮುರುಗಲ ಹಣ್ಣಿನ ಸಿರಪ್ ಮಾಡೋರಿದ್ದೀರಿ, ಗೋಕರ್ಣದ ಕಡೆಯ ಹೋಂಸ್ಟೇಯವ್ರಿದ್ದೀರಿ, ಕಾರವಾರದಿಂದ ಬಂದ ಒಬ್ರು ಒಣಮೀನು ಪ್ಯಾಕ್ ಮಾಡಿ ಬೆಂಗ್ಳೂರಿಗೆ ಕಳಿಸ್ತಾರಂತೆ. ಒಳಗೆ ಬರುವಾಗ ಒಬ್ಬೊಬ್ಬರ ಹತ್ರ ಕೇಳ್ತಾ ಬಂದೆ, ನಿಮ್ಮ ವ್ಯಾಪಾರದ ಹೆಸರಿಗೆ ಏನೇನು ಮಾಡ್ಸಿದ್ದೀರಿ ಅಂತ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಉತ್ತರ. ಜಿಎಸ್‌ಟಿ ಆಗಿದೆ, ಎಫ್ಎಸ್ಎಸ್‌ಎಐ ನಂಬರ್ ಲೇಬಲ್ ಮೇಲೆ ಹಾಕಿದ್ದೇವೆ, ಉದ್ಯಮ್ ಸರ್ಟಿಫಿಕೇಟ್ ಇದೆ, ಡೊಮೇನ್ ತಗೊಂಡಿದ್ದೇವೆ, ಇನ್‌ಸ್ಟಾಗ್ರಾಂ ಪೇಜ್‌ಗೆ ಇಷ್ಟು ಸಾವಿರ ಫಾಲೋವರ್ಸ್ ಇದ್ದಾರೆ.

ಒಳ್ಳೇದೇ, ಎಲ್ಲಾ ಬೇಕಾದ್ದೇ. ಆದ್ರೆ ಇದ್ರಲ್ಲಿ ಒಂದೂ ಆ ಹೆಸರನ್ನ ನಿಮ್ಮದು ಅಂತ ಮಾಡೋದಿಲ್ಲ. ಅದಕ್ಕೆ ಇರೋದು ಟ್ರೇಡ್‌ಮಾರ್ಕ್ ನೋಂದಣಿ, ಅಂದ್ರೆ ಮಾಲಿಗೋ ಸೇವೆಗೋ ಇಟ್ಟ ಹೆಸರು, ಲೋಗೋ ಇವ್ರದ್ದು ಅಂತ ಸರ್ಕಾರದಲ್ಲಿ ರಿಜಿಸ್ಟರ್ ಮಾಡ್ಸೋದು, ಇವತ್ತಿನ ಮಾತು ಅದರದ್ದೇ. ಜಿಎಸ್‌ಟಿ ತೆರಿಗೆಗೆ, ಎಫ್ಎಸ್ಎಸ್‌ಎಐ ಆಹಾರದ ಸುರಕ್ಷತೆಗೆ, ಉದ್ಯಮ್ ಸಣ್ಣ ಉದ್ದಿಮೆ ಅನ್ನೋದಕ್ಕೆ, ಡೊಮೇನ್ ಅಂದ್ರೆ ವರ್ಷವರ್ಷ ದುಡ್ಡು ಕಟ್ಟಿ ಇಟ್ಕೊಳ್ಳೋ ಒಂದು ವಿಳಾಸ. ಕಂಪನಿ ಮಾಡ್ಸಿದ್ರೂ ಅಷ್ಟೇ, ಕಂಪನಿ ರಿಜಿಸ್ಟ್ರಾರ್ ಹೆಸರು ಕೊಟ್ರು ಅಂದ ಮಾತ್ರಕ್ಕೆ ಅದು ಟ್ರೇಡ್‌ಮಾರ್ಕ್ ಆಗೋದಿಲ್ಲ, ಉಲ್ಟಾ ಬೇರೆಯವ್ರ ಹತ್ರ ಆ ಹೆಸರಿನ ಟ್ರೇಡ್‌ಮಾರ್ಕ್ ಮೊದ್ಲೇ ಇದ್ರೆ ನಿಮ್ಮ ಕಂಪನಿ ಶುರುವಾದ 3 ವರ್ಷದೊಳಗೆ ಹೆಸರು ಬದಲಾಯಿಸ್ಲಿಕ್ಕೆ ಹೇಳಿ ಅಂತ ಅವ್ರು ಅರ್ಜಿ ಹಾಕ್ಬಹುದು, ಕಂಪನಿ ಕಾಯ್ದೆಯಲ್ಲೇ ಅದಿದೆ. ನಮ್ಮ ಜಿಲ್ಲೆಯವ್ರಿಗೆ ಇದನ್ನ ಜಾಸ್ತಿ ಬಿಡಿಸಿ ಹೇಳೋದು ಬೇಡ. ಬೆಟ್ಟದ ಬುಡದಲ್ಲಿ ಅಜ್ಜನ ಕಾಲದಿಂದ ಅಡಿಕೆ ತೋಟ ಮಾಡಿ ಉಂಡವ್ರು ನಾವು, ಪಹಣಿಯಲ್ಲಿ ಹೆಸರಿಲ್ದೇ ಹೋದ್ರೆ ಒಂದಿನ ಏನಾಗ್ತದೆ ಅನ್ನೋದು ಮನೆಮನೆಗೂ ಗೊತ್ತಿದೆ.

ಕುಮಟಾ ಕಡೆಯ ಒಬ್ಬ ಅಕ್ಕನ ವಿಷಯ ಹೇಳ್ತೇನೆ. ಮುರುಗಲ ಹಣ್ಣಿನ ಸಿರಪ್ ಮಾಡ್ತಾರೆ, ಚೆಂದದ ಹೆಸರು ಇಟ್ಟಿದ್ರು, ಮೊದ್ಲು ವಾಟ್ಸಾಪ್ ಗ್ರೂಪಲ್ಲಿ, ಆಮೇಲೆ ಒಂದು ಶಾಪಿಂಗ್ ಆ್ಯಪ್‌ನಲ್ಲಿ ಮಾರಾಟ. ಬೇಸಿಗೆ ಬಂತು ಅಂದ್ರೆ ಬಾಟ್ಲಿ ತುಂಬ್ಲಿಕ್ಕೆ ಪಕ್ಕದ ಮನೆಯವ್ರನ್ನೂ ಕರೀಬೇಕು ಅಷ್ಟು ಆರ್ಡರ್. ಒಂದಿನ ಬೆಳಿಗ್ಗೆ ನೋಡ್ತಾರೆ, ಲಿಸ್ಟಿಂಗ್ ಇಲ್ಲ. ಬೇರೆ ರಾಜ್ಯದ ಯಾರೋ ಅದೇ ಹೆಸರನ್ನ ಪಾನೀಯಗಳ ಕ್ಲಾಸ್‌ನಲ್ಲಿ, ಅಂದ್ರೆ ಆ ಜಾತಿಯ ಮಾಲಿನ ವರ್ಗದಲ್ಲಿ, ಟ್ರೇಡ್‌ಮಾರ್ಕ್ ರಿಜಿಸ್ಟರ್ ಮಾಡ್ಸಿ, ಅದರ ನಂಬರ್ ಹಾಕಿ ದೂರು ಕೊಟ್ಟಿದ್ರು. ಅಕ್ಕ ನನ್ನ ಹತ್ರ ಬಂದಾಗ ಒಂದೇ ಮಾತು, "ನಾನು ಅವ್ರಿಗಿಂತ ಮೊದ್ಲು ಮಾಡಿದ್ದು ಹೇಳಿ ಎಲ್ಲರಿಗೂ ಗೊತ್ತಿದ್ದು". ಎಲ್ಲರಿಗೂ ಗೊತ್ತಿರೋದು ಬೇರೆ, ಕಾಗದದಲ್ಲಿ ತೋರ್ಸೋದು ಬೇರೆ. ಮನೆಯಲ್ಲಿ ಹುಡುಕಿಸಿದೆ. ಪುಣ್ಯಕ್ಕೆ ಕುಮಟೆಯ ಪ್ರೆಸ್ಸಿನವ್ರು ಲೇಬಲ್ ಪ್ರಿಂಟ್ ಮಾಡಿಕೊಟ್ಟ ಬಿಲ್ಲು ಒಂದು ಸಿಕ್ತು, ಹಳದಿ ಕಾರ್ಬನ್ ಕಾಪಿ, ಅದ್ರಲ್ಲಿ ತಾರೀಖು ಇದೆ, ಮತ್ತೆ ಪ್ರೆಸ್ಸಿನ ಹುಡುಗ ಬರೀ "ಸಿರಪ್ ಲೇಬಲ್" ಅಂತ ಬರೆಯದೇ ಅದರ ಮುಂದೆ ಬ್ರಾಂಡಿನ ಹೆಸರನ್ನೂ ಬರೆದಿದ್ದ. ಆ ಒಂದು ಸಾಲು ಈಗ ನಮ್ಮ ಕೇಸಿಗೆ ಆಧಾರ. ಯಾಕಂದ್ರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಆ ಕಡೆಯವ್ರು ಬಳಸ್ಲಿಕ್ಕೆ ಶುರು ಮಾಡಿದ್ದಕ್ಕಿಂತ ಮತ್ತು ಅವ್ರು ರಿಜಿಸ್ಟರ್ ಆದ ತಾರೀಖಿಗಿಂತ ಮೊದ್ಲಿಂದ್ಲೂ ಬಿಡದೇ ಬಳಸ್ತಾ ಬಂದವ್ರನ್ನ ರಿಜಿಸ್ಟರ್ ಆದವ್ರೂ ತಡೀಲಿಕ್ಕಾಗೋದಿಲ್ಲ. ಆದ್ರೆ ಅದನ್ನ ಸಾಬೀತು ಮಾಡೋ ಹೊಣೆ ಅಕ್ಕನ ಮೇಲೆ. ಕೇಸ್ ಇನ್ನೂ ನಡೀತಾ ಇದೆ, ಒಂದು ಬೇಸಿಗೆಯ ವ್ಯಾಪಾರ ಅಂತೂ ಹೋಯ್ತು. ಹೆಸರು ಇಟ್ಟ ವಾರವೇ ಅರ್ಜಿ ಹಾಕಿದ್ರೆ ಎಷ್ಟು ಖರ್ಚಾಗ್ತಿತ್ತು ಗೊತ್ತುಂಟಾ? ಸರ್ಕಾರಿ ಶುಲ್ಕ 4,500 ರೂಪಾಯಿ.

ಇದನ್ನ ಕೇಳಿ ಈಗ್ಲೇ ಹೋಗಿ ಅರ್ಜಿ ಹಾಕಿಬಿಡ್ತೇವೆ ಅನ್ಬೇಡಿ, ಅದಕ್ಕಿಂತ ಮುಂಚಿನ ಕೆಲಸ ಒಂದಿದೆ, ನನಗೆ ಇವತ್ತು ಮುಖ್ಯವಾಗಿ ಹೇಳ್ಬೇಕಾದ್ದೂ ಅದೇ. ನಾವು ಇಡೋ ಹೆಸರುಗಳೇ ಸರಿ ಇಲ್ಲ. ಊರಿನ ಹೆಸರು, ಮಾಲಿನ ಹೆಸರು ಎರಡು ಸೇರಿಸಿಬಿಟ್ರೆ ಆಯ್ತು ನಮ್ಗೆ. ಶಿರಸಿ ಹಪ್ಪಳ, ಮಲೆನಾಡ ಜೇನು, ಕರಾವಳಿ ಒಣಮೀನು, ಗೋಕರ್ಣ ಬೀಚ್ ಸ್ಟೇ. ಗಿರಾಕಿಗೆ ತಕ್ಷಣ ಅರ್ಥ ಆಗ್ತದೆ ಅಂತ ಹೀಗೆ ಇಡ್ತೇವೆ, ಖರೆ, ಆದ್ರೆ ಕಾಯ್ದೆಯ 9ನೇ ಸೆಕ್ಷನ್ ಹೇಳೋದು ಏನಂದ್ರೆ, ಮಾಲು ಎಂಥದ್ದು, ಅದರ ಗುಣ ಏನು, ಎಲ್ಲಿಂದ ಬಂದದ್ದು ಅಂತ ಮಾತ್ರ ಹೇಳೋ ಹೆಸರನ್ನ ಒಬ್ಬರಿಗೇ ಬರೆದು ಕೊಡ್ಲಿಕ್ಕಾಗೋದಿಲ್ಲ. ನ್ಯಾಯವೇ ಅಲ್ವಾ? ಶಿರಸಿಯಲ್ಲಿ ಹಪ್ಪಳ ಮಾಡೋ ಪ್ರತಿಯೊಬ್ಬರಿಗೂ ಶಿರಸಿ ಹಪ್ಪಳ ಅಂತ ಹೇಳ್ಕೊಳ್ಳೋ ಹಕ್ಕಿದೆ. ವರ್ಷಾನುಗಟ್ಟಲೆ ಬಳಸಿ, ಆ ಹೆಸರು ಅಂದ್ರೆ ಇವ್ರದ್ದೇ ಅಂತ ಜನರ ಬಾಯಲ್ಲಿ ಕೂತಿದ್ರೆ ವಿನಾಯಿತಿ ಇದೆ, ಆದ್ರೆ ಅದಕ್ಕೆ ಮಾರಾಟದ ಲೆಕ್ಕ, ಜಾಹೀರಾತಿನ ಖರ್ಚು, ಪತ್ರಿಕೆಯಲ್ಲಿ ಬಂದದ್ದು ಎಲ್ಲಾ ರಾಶಿ ಹಾಕ್ಬೇಕಾಗ್ತದೆ. ಇವತ್ತು ಶುರು ಮಾಡೋರಿಗೆ ಆ ದಾರಿ ಯಾಕೆ?

ಊರಿನ ಹೆಸರಿಗೆ ಬೇರೆಯೇ ಕಾಯ್ದೆ ಇದೆ, ಭೌಗೋಳಿಕ ಸೂಚಕ, ಎಲ್ಲರೂ ಜಿಐ ಟ್ಯಾಗ್ ಅಂತಾರೆ. ನಮ್ಮ ಶಿರಸಿ ಸುಪಾರಿಗೆ 2019ರಲ್ಲಿ ಅದು ಸಿಕ್ತು, ಅರ್ಜಿ ಹಾಕಿದ್ದು ಇಲ್ಲಿಯ ತೋಟಗಾರ್ಸ್ ಸೇಲ್ ಸೊಸೈಟಿ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಸಿಕ್ತು. ಅದು ಒಬ್ಬ ವ್ಯಾಪಾರಿಯ ಸ್ವತ್ತಲ್ಲ, ಆ ಸೀಮೆಯಲ್ಲಿ ಬೆಳೆಯೋ ಎಲ್ಲರದ್ದು, ಅಧಿಕೃತ ಬಳಕೆದಾರ ಅಂತ ನೋಂದಾಯಿಸ್ಕೊಂಡು ಬಳಸ್ಬೇಕು. ಹಾಗಾಗಿ ಅಂಕೋಲೆಯವ್ರು ಯಾರಾದ್ರೂ ಇಶಾಡದ ಪಲ್ಪ್ ಮಾರೋದಾದ್ರೆ ಲೇಬಲ್ ಮೇಲೆ ಎರಡು ಮಾತು ಇರ್ಬೇಕು, ಹಣ್ಣು ಯಾವ ಸೀಮೆಯದ್ದು ಅನ್ನೋದಕ್ಕೆ ಜಿಐ, ಮಾಡಿದ್ದು ಯಾರು ಅನ್ನೋದಕ್ಕೆ ನಿಮ್ಮದೇ ಸ್ವಂತ ಹೆಸರು. ಎರಡನ್ನೂ ಕಲಸ್ಬೇಡಿ.

ದೇವರ ಹೆಸರು ಇಟ್ಟವ್ರೂ ಇಲ್ಲಿ ಕಡಿಮೆ ಇಲ್ಲ, ಮಾರಿಕಾಂಬೆಯ ಊರು ಇದು, ಭಕ್ತಿಯಿಂದ ಇಡ್ತೀರಿ, ಅದು ನನಗೆ ಅರ್ಥ ಆಗ್ತದೆ. ಆದ್ರೆ ಅಗರಬತ್ತಿಗೆ ರಾಮಾಯಣ ಅಂತ ಹೆಸರಿಟ್ಟ ಒಂದು ಕೇಸಿನಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ, ಧರ್ಮಗ್ರಂಥದ ಹೆಸರನ್ನ ಯಾರೂ ತನ್ನ ಮಾಲಿಗೆ ಏಕಸ್ವಾಮ್ಯ ಮಾಡ್ಕೊಳ್ಳೋ ಹಾಗಿಲ್ಲ ಅಂತ. ದೇವರ ಹೆಸರು ಇಟ್ರೂ ಅದು ಕಾಯೋದು ಕಷ್ಟ, ಅದೇ ಹೆಸರಿನವ್ರು ಪ್ರತಿ ಊರಲ್ಲೂ ಇರ್ತಾರೆ. ಹೆಗಡೆ, ಭಟ್, ನಾಯ್ಕ ಅಂತ ಅಡ್ಡಹೆಸರು ಇಟ್ರೂ ಇದೇ ಕಥೆ, ಪ್ರಾಮಾಣಿಕವಾಗಿ ತನ್ನ ಹೆಸರನ್ನ ತಾನು ಬಳಸೋನನ್ನ ಕಾಯ್ದೆಯೇ ರಕ್ಷಣೆ ಮಾಡ್ತದೆ. ಮಾಲಿಗೆ ಸಂಬಂಧ ಇಲ್ಲದ ಶಬ್ದ, ಇಲ್ಲಾ ನೀವೇ ಕಟ್ಟಿದ ಶಬ್ದ, ಅದು ಎಲ್ಲಕ್ಕಿಂತ ಗಟ್ಟಿ. ಮನೆಯ ದನದ ಹೆಸರು ಇಡಿ ಬೇಕಾದ್ರೆ, ಹಪ್ಪಳಕ್ಕೂ ಅದಕ್ಕೂ ಸಂಬಂಧ ಇಲ್ಲ, ಹಾಗಾಗಿಯೇ ಅದು ಗಟ್ಟಿ ನಿಲ್ತದೆ.

ಹೆಸರು ಮನಸ್ಸಿಗೆ ಬಂತು ಅಂತ ಇಟ್ಕೊಳ್ಳಿ, ಲೇಬಲ್ ಪ್ರಿಂಟ್ ಮಾಡ್ಸೋದಕ್ಕಿಂತ ಮೊದ್ಲು ಹುಡುಕ್ಬೇಕು. ಐಪಿ ಇಂಡಿಯಾ ಅಂತ ಸರ್ಕಾರದ್ದೇ ವೆಬ್‌ಸೈಟ್, ಅದ್ರಲ್ಲಿ ಟ್ರೇಡ್‌ಮಾರ್ಕ್ ಪಬ್ಲಿಕ್ ಸರ್ಚ್ ಅಂತ ಇದೆ, ದುಡ್ಡು ಕೊಡ್ಬೇಕಾಗಿಲ್ಲ, ಮೊಬೈಲಲ್ಲಿ ಓಟಿಪಿ ಬರ್ತದೆ ಅಷ್ಟೇ. ಹೆಸರು ಹಾಕಿ, ಕ್ಲಾಸ್ ನಂಬರ್ ಹಾಕಿ. ಬರೀ ಅದೇ ಸ್ಪೆಲಿಂಗ್ ಹುಡುಕಿ ಸಿಗ್ಲಿಲ್ಲ ಅಂತ ಖುಷಿಪಟ್ಟು ಎದ್ದು ಹೋಗ್ಬೇಡಿ, ಉಚ್ಚಾರದ ಮೇಲೆ ಹುಡುಕೋ ಫೊನೆಟಿಕ್ ಅನ್ನೋ ಆಯ್ಕೆ ಇದೆ, ಅದನ್ನೂ ಒತ್ತಿ. ಒಂದು ಎ ಜಾಸ್ತಿ ಹಾಕಿದ್ರೆ, ಐ ಬದಲು ಎರಡು ಇ ಹಾಕಿದ್ರೆ ಹೆಸರು ಬೇರೆ ಆಗ್ತದೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಆಗೋದಿಲ್ಲ. 1962ರಲ್ಲೇ ಸುಪ್ರೀಂ ಕೋರ್ಟ್ ಅಮೃತಧಾರಾ ಮತ್ತು ಲಕ್ಷ್ಮಣಧಾರಾ ಅನ್ನೋ ಎರಡು ಔಷಧದ ಹೆಸರುಗಳನ್ನ ನೋಡಿ, ಅರ್ಧಮರ್ಧ ನೆನಪಿಟ್ಟುಕೊಂಡು ಅಂಗಡಿಗೆ ಬರೋ ಸಾಮಾನ್ಯ ಗಿರಾಕಿಗೆ ಇದು ಗೊಂದಲ ಆಗ್ತದೆ ಅಂತ ಹೇಳಿತ್ತು. ಅಕ್ಷರ ಎಣಿಸೋರ ಕಣ್ಣಲ್ಲಿ ನೋಡ್ಬೇಡಿ, ಗಡಿಬಿಡಿಯಲ್ಲಿ ಕೊಳ್ಳೋರ ಕಿವಿಯಲ್ಲಿ ಕೇಳಿ.

ಹುಡುಕಿದಾಗ ಪಕ್ಕದಲ್ಲಿ ಒಂದು ಸ್ಟೇಟಸ್ ಕಾಣ್ತದೆ. ರಿಜಿಸ್ಟರ್ಡ್ ಅಂದ್ರೆ ಆ ಹೆಸರು ಬಿಡಿ. ಅಬ್ಯಾಂಡನ್ಡ್ ಅಂದ್ರೆ ಅವ್ರು ಅರ್ಜಿ ಅರ್ಧಕ್ಕೆ ಬಿಟ್ಟಿದ್ದಾರೆ, ಆದ್ರೂ ಆ ಹೆಸರಲ್ಲಿ ಇನ್ನೂ ವ್ಯಾಪಾರ ಮಾಡ್ತಾ ಇದ್ದಾರಾ ಅಂತ ಗೂಗಲ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ನೋಡಿ, ಯಾಕಂದ್ರೆ ರಿಜಿಸ್ಟರ್ ಆಗದೇ ಇದ್ರೂ ಮೊದ್ಲು ಬಳಸಿದವ್ರಿಗೆ ಹಕ್ಕಿದೆ.

ಕ್ಲಾಸ್ ಅಂದೆ. ಒಟ್ಟು 45 ಇವೆ, 1ರಿಂದ 34 ಮಾಲಿಗೆ, 35ರಿಂದ 45 ಸೇವೆಗೆ. ಜೇನು, ಕಾಳುಮೆಣಸು, ಬೆಲ್ಲ 30ರಲ್ಲಿ ಬರ್ತದೆ. ಮುರುಗಲ ಸಿರಪ್, ಜ್ಯೂಸು 32. ಒಣಮೀನು 29. ಹೋಂಸ್ಟೇ, ಖಾನಾವಳಿ 43. ದಾಂಡೇಲಿಗೆ, ಮುರ್ಡೇಶ್ವರಕ್ಕೆ ಟೂರ್ ಕರ್ಕೊಂಡು ಹೋಗೋರಾದ್ರೆ 39. ಬೇರೆಬೇರೆಯವ್ರ ಮಾಲನ್ನ ತಂದು ಒಂದು ವೆಬ್‌ಸೈಟಲ್ಲಿ ಮಾರೋರಾದ್ರೆ 35 ನೋಡ್ಬೇಕು. ಒಂದೊಂದು ಕ್ಲಾಸಿಗೆ ಪ್ರತ್ಯೇಕ ಶುಲ್ಕ, ಹಾಗಾಗಿ ಎಲ್ಲಾ ಕ್ಲಾಸಲ್ಲಿ ಹಾಕಿಬಿಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ನೀವು ಮಾರೋದು ಯಾವುದೋ ಅದಕ್ಕೆ ಹಾಕಿ, ದುಡಿಮೆ ಬೆಳೆದ ಹಾಗೆ ಸೇರಿಸ್ಕೊಳ್ಳಿ. ಸುಮ್ನೆ ತಗೊಂಡಿಟ್ಟು 5 ವರ್ಷದ ಮೇಲೆ ಬಳಸದೇ ಬಿಟ್ರೆ ಬೇರೆಯವ್ರು ಅದನ್ನ ತೆಗೆಸ್ಲಿಕ್ಕೂ ಅರ್ಜಿ ಹಾಕ್ಬಹುದು.

ಒಂದೇ ಕ್ಲಾಸ್ ಅಂದ ಮಾತ್ರಕ್ಕೆ ಎರಡು ಹೆಸರು ಡಿಕ್ಕಿ ಹೊಡೀತವೆ ಅಂತ್ಲೂ ಅಲ್ಲ. ನಂದಿನಿ ಹಾಲಿನ ಕೇಸ್ ನೆನಪಿದೆಯಾ? ಕೆಎಂಎಫ್ 1985ರಿಂದ ನಂದಿನಿ ಹೆಸರು ಬಳಸ್ತಾ ಬಂದಿತ್ತು, 1989ರಿಂದ ನಂದಿನಿ ಡಿಲಕ್ಸ್ ಅಂತ ಹೋಟೆಲ್‌ನವ್ರಿದ್ರು. ವರ್ಷಗಟ್ಟಲೆ ಜಗಳ ನಡೆದು 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲ್‌ನವ್ರ ಪರ ಹೇಳ್ತು, ಲೋಗೋ ಬೇರೆ, ಮಾಲು ಬೇರೆ, ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೆಸರು ಕೊಡಿ ಅಂತ. ತೀರ್ಪು ಓದ್ಲಿಕ್ಕೆ ಚೆನ್ನಾಗಿದೆ, ಆದ್ರೆ ನಾನು ಅದ್ರಿಂದ ತಗೊಳ್ಳೋದು ಇಷ್ಟೇ, ಅಷ್ಟು ವರ್ಷ ಕೋರ್ಟಿಗೆ ಅಲೆಯೋ ಶಕ್ತಿ ನಮ್ಮ ಉಪ್ಪಿನಕಾಯಿ ಮಾಡೋ ಅಕ್ಕಂದಿರಿಗೆ ಇಲ್ಲ, ಹಾಗಾಗಿ ಹತ್ತಿರದ ಹೆಸರಿನ ಸಹವಾಸಕ್ಕೇ ಹೋಗ್ಬೇಡಿ.

ಅರ್ಜಿಯ ವಿಷಯ ಬೇಗ ಮುಗಿಸ್ತೇನೆ. ಫಾರ್ಮಿನ ಹೆಸರು ಟಿಎಂ-ಎ. ಒಬ್ಬ ವ್ಯಕ್ತಿ, ಸ್ಟಾರ್ಟ್ಅಪ್, ಸಣ್ಣ ಉದ್ದಿಮೆ ಆದ್ರೆ ಆನ್‌ಲೈನಲ್ಲಿ ಒಂದು ಕ್ಲಾಸಿಗೆ 4,500, ಬೇರೆಯವ್ರಿಗೆ 9,000. ಸಣ್ಣ ಉದ್ದಿಮೆ ಅಂತ ತೋರ್ಸ್ಲಿಕ್ಕೆ ಆ ಉದ್ಯಮ್ ಸರ್ಟಿಫಿಕೇಟ್ ಇಲ್ಲಿ ಕೆಲಸಕ್ಕೆ ಬರ್ತದೆ. ಡಿಜಿಟಲ್ ಸಿಗ್ನೇಚರ್ ಇದ್ರೆ ನೀವೇ ಹಾಕ್ಬಹುದು, ವಕೀಲರು ಅಥವಾ ಏಜೆಂಟರ ಮೂಲಕ ಹಾಕಿದ್ರೆ ಅವ್ರ ಫೀ ಬೇರೆ, ಅದನ್ನ ಮೊದ್ಲೇ ಕೇಳ್ಕೊಳ್ಳಿ. ನಮ್ಮ ಜಿಲ್ಲೆಯ ಅರ್ಜಿ ಚೆನ್ನೈ ಕಚೇರಿಗೆ ಹೋಗ್ತದೆ, ಮಾಜಾಳಿ ಗಡಿ ದಾಟಿ ಗೋವಾದಲ್ಲಿ ವ್ಯಾಪಾರ ಇದ್ರೆ ಮುಂಬೈಗೆ. ಈಗ ಹಿಯರಿಂಗ್ ಕೂಡ ವಿಡಿಯೋದಲ್ಲೇ ನಡೀತದೆ, ಚೆನ್ನೈಗೆ ಬಸ್ಸು ಹತ್ತಬೇಕಾಗಿಲ್ಲ. ಲೋಗೋ ಹಾಕ್ಬೇಕಾ ಬರೀ ಶಬ್ದ ಹಾಕ್ಬೇಕಾ ಅಂದ್ರೆ, ಒಂದೇ ಅರ್ಜಿಗೆ ದುಡ್ಡಿದ್ರೆ ನಾನು ಶಬ್ದ ಹಾಕಿ ಅಂತೇನೆ, ಲೋಗೋ ನಾಳೆ ಬದಲಾಗ್ತದೆ, ಹೆಸರು ಹಾಗೇ ಉಳೀತದೆ. ಕನ್ನಡ ಲಿಪಿಯಲ್ಲೇ ಹಾಕ್ಬಹುದು, ಉಚ್ಚಾರ ಮತ್ತು ಅರ್ಥವನ್ನ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಜೊತೆಗೆ ಕೊಟ್ರಾಯ್ತು.

ಯಾವಾಗಿಂದ ಬಳಸ್ತಿದ್ದೀರಿ ಅಂತ ಒಂದು ಕಾಲಂ ಇದೆ, ಅಲ್ಲಿ ಜಾಸ್ತಿ ಲಕ್ಷ್ಯ ಇರ್ಲಿ. ಇನ್ನೂ ಶುರುವಾಗಿಲ್ಲ ಅಂದ್ರೆ ಮುಂದೆ ಬಳಸೋದಿದೆ ಅಂತ ಹಾಕ್ಬಹುದು. ಈಗಾಗ್ಲೇ ಬಳಸ್ತಿದ್ರೆ ಮೊದಲ ತಾರೀಖು ಹಾಕಿ ಅಫಿಡವಿಟ್ ಮಾಡ್ಸಿ, ಜೊತೆಗೆ ಪುರಾವೆ ಕೊಡ್ಬೇಕು. ಪ್ರೆಸ್ಸಿನ ಬಿಲ್ಲು, ಕೊರಿಯರ್ ಚೀಟಿ, ಪೇಜಿನ ಮೊದಲ ಪೋಸ್ಟಿನ ಸ್ಕ್ರೀನ್‌ಶಾಟ್, ಗಿರಾಕಿಗೆ ಕೊಟ್ಟ ಬಿಲ್ಲು, ಎಲ್ಲದ್ರಲ್ಲೂ ಬ್ರಾಂಡಿನ ಹೆಸರು ಮತ್ತು ತಾರೀಖು ಕಾಣ್ಬೇಕು. ಇವತ್ತೇ ಮನೆಗೆ ಹೋಗಿ ಒಂದು ಫೈಲ್ ಮಾಡಿಡಿ.

ಅರ್ಜಿ ಹಾಕಿದ ದಿನದಿಂದ ಟಿಎಂ ಅಂತ ಹೆಸರಿನ ಪಕ್ಕ ಹಾಕ್ಬಹುದು, ವೃತ್ತದೊಳಗಿನ ಆರ್ ಗುರುತು ರಿಜಿಸ್ಟರ್ ಆದ ಮೇಲೇ, ಅದಕ್ಕಿಂತ ಮೊದ್ಲು ಹಾಕೋದು ಕಾನೂನಿಗೆ ವಿರುದ್ಧ. ಆಮೇಲೆ ಪರಿಶೀಲನೆ, ಆಕ್ಷೇಪಣೆ ಇದ್ರೆ ಇಮೇಲ್‌ಗೆ ರಿಪೋರ್ಟ್ ಬರ್ತದೆ, 30 ದಿನದೊಳಗೆ ಉತ್ತರ ಕೊಡ್ಬೇಕು. ಇಲ್ಲೇ ನಮ್ಮ ಜನ ಜಾರೋದು. ಸೈಬರ್ ಸೆಂಟರ್ ಹುಡುಗನ ಇಮೇಲ್ ಕೊಟ್ಟು ಅರ್ಜಿ ಹಾಕ್ಸಿರ್ತಾರೆ, ಅವ ಬೆಂಗ್ಳೂರಿಗೆ ಕೆಲಸಕ್ಕೆ ಹೋಗಿರ್ತಾನೆ, ರಿಪೋರ್ಟ್ ಅಲ್ಲಿ ಬಂದು ಬಿದ್ದಿರ್ತದೆ, ಅರ್ಜಿ ಅಬ್ಯಾಂಡನ್ಡ್. ಇಮೇಲ್ ಕಳಿಸಿದ್ರೆ ತಲುಪಿದ ಹಾಗೇ ಲೆಕ್ಕ, ನೋಡ್ಲಿಲ್ಲ ಅಂದ್ರೆ ಕೇಳೋದಿಲ್ಲ. ನಿಮ್ಮ ಸ್ವಂತ ಇಮೇಲ್, ಸ್ವಂತ ಮೊಬೈಲ್ ನಂಬರ್ ಕೊಡಿ, ಅರ್ಜಿ ನಂಬರ್ ಹಾಕಿ ಸ್ಟೇಟಸ್ಸನ್ನ ಆಗಾಗ ನೀವೇ ನೋಡಿ. ಪರಿಶೀಲನೆ ದಾಟಿದ ಮೇಲೆ ಸೋಮವಾರ ಸೋಮವಾರ ಬರೋ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಹಾಕ್ತಾರೆ, ಅಲ್ಲಿಂದ 4 ತಿಂಗಳು ಯಾರು ಬೇಕಾದ್ರೂ ವಿರೋಧ ಮಾಡ್ಬಹುದು. ಯಾರೂ ಬರ್ಲಿಲ್ಲ ಅಂದ್ರೆ ಸರ್ಟಿಫಿಕೇಟ್. ಅರ್ಜಿ ಹಾಕಿದ ತಾರೀಖಿನಿಂದ ಲೆಕ್ಕ ಹಿಡಿದು 10 ವರ್ಷ, ಆಮೇಲೆ 10 ವರ್ಷಕ್ಕೊಮ್ಮೆ ನವೀಕರಣ, ಎಷ್ಟು ಸಲ ಬೇಕಾದ್ರೂ.

ಇದ್ರಿಂದ ಸಿಗೋದೇನು? ಡೊಮೇನ್ ಕೇಸ್ ಒಂದು ಹೇಳ್ತೇನೆ, ನಮ್ಮ ಬೆಂಗ್ಳೂರಲ್ಲೇ ಶುರುವಾದದ್ದು. ಸತ್ಯಂ ಇನ್ಫೋವೇ ಅನ್ನೋ ಇಂಟರ್ನೆಟ್ ಕಂಪನಿಯವ್ರ ಸಿಫಿ ಅನ್ನೋ ಹೆಸರಿಗೆ ಹತ್ತಿರದ ಸಿಫ್ಫಿನೆಟ್ ಅನ್ನೋ ಡೊಮೇನನ್ನ ಬೇರೆಯವ್ರು ತಗೊಂಡಿದ್ರು. ಬೆಂಗ್ಳೂರಿನ ಸಿವಿಲ್ ಕೋರ್ಟ್ ತಡೆ ಕೊಡ್ತು, ಹೈಕೋರ್ಟ್ ತೆಗೀತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸಿಫಿಯವ್ರ ಪರ ಹೇಳ್ತು. ಡೊಮೇನ್ ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತೂ ಹೌದು, ಟ್ರೇಡ್‌ಮಾರ್ಕಿನ ನಿಯಮ ಅದಕ್ಕೂ ಅನ್ವಯ ಆಗ್ತದೆ ಅಂತ. ಡಾಟ್ ಇನ್ ವಿಳಾಸದ ಜಗಳಕ್ಕೆ ಕೋರ್ಟಿನ ಹೊರಗೇ ಪಂಚಾಯ್ತಿಯ ವ್ಯವಸ್ಥೆಯೂ ಇದೆ, ಡಾಟ್ ಕಾಮ್‌ಗೂ ಇದೆ. ಆನ್‌ಲೈನ್ ಅಂಗಡಿಗಳಲ್ಲಿ, ಸೋಶಿಯಲ್ ಮೀಡಿಯಾದಲ್ಲಿ ನಕಲಿ ಪೇಜ್ ತೆಗೆಸ್ಲಿಕ್ಕೆ ದೂರು ಕೊಡುವಾಗ ಮೊದ್ಲು ಕೇಳೋದೇ ಟ್ರೇಡ್‌ಮಾರ್ಕ್ ನಂಬರ್. ಮತ್ತೊಂದು ಇದೆ, ನನ್ನ ಪ್ರಕಾರ ನಮ್ಮಂಥ ದೂರದ ಊರಿನವ್ರಿಗೆ ಇದೇ ದೊಡ್ಡದು. ರಿಜಿಸ್ಟರ್ ಆಗಿದ್ರೆ, ನಕಲು ಮಾಡಿದವ ದಿಲ್ಲಿಯಲ್ಲಿ ಕೂತಿದ್ರೂ, ನೀವು ವ್ಯಾಪಾರ ಮಾಡೋ ಜಾಗದ ಕೋರ್ಟಲ್ಲೇ, ಅಂದ್ರೆ ನಮ್ಮ ಜಿಲ್ಲೆಯಲ್ಲೇ ದಾವೆ ಹಾಕ್ಬಹುದು, 134ನೇ ಸೆಕ್ಷನ್. ರಿಜಿಸ್ಟರ್ ಆಗಿಲ್ಲ ಅಂದ್ರೆ ಆ ಅನುಕೂಲ ಇಲ್ಲ, ಅವ ಇರೋ ಊರಿಗೋ ಇಲ್ಲಾ ಮೋಸ ನಡೆದ ಊರಿಗೋ ನೀವೇ ಹುಡುಕಿಕೊಂಡು ಹೋಗ್ಬೇಕು.

ಪ್ರಶ್ನೆಗಳಲ್ಲಿ ಎರಡನ್ನ ಬರೀತೇನೆ.

ಸ್ವಸಹಾಯ ಸಂಘದ ಒಬ್ಬ ಅಕ್ಕ ಕೇಳಿದ್ರು, "ನಾವು ಹತ್ತು ಹೆಂಗಸ್ರು ಸೇರಿ ಮಾಡೋದು, ಅರ್ಜಿ ಯಾರ ಹೆಸ್ರಲ್ಲಿ ಹಾಕೋದು?" ಅಂತ. ಬಹಳ ಒಳ್ಳೆ ಪ್ರಶ್ನೆ ಅಕ್ಕ. ಸುಲಭ ಅಂತ ಅಧ್ಯಕ್ಷರ ಹೆಸರಲ್ಲಿ ಹಾಕಿಬಿಡ್ತಾರೆ, ಆಮೇಲೆ ಅವ್ರು ಸಂಘ ಬಿಟ್ರೆ, ಇಲ್ಲಾ ಮಕ್ಕಳು ಬಂದು ಇದು ನಮ್ಮ ಅಮ್ಮನ ಆಸ್ತಿ ಅಂದ್ರೆ, ಕಾಗದದ ಪ್ರಕಾರ ಅವ್ರು ಹೇಳೋದೇ ಸರಿ. ಮೊದ್ಲು ಸೊಸೈಟಿಯೋ ಪಾರ್ಟ್ನರ್‌ಶಿಪ್ಪೋ ಉತ್ಪಾದಕರ ಕಂಪನಿಯೋ ಏನಾದ್ರೂ ಒಂದು ಮಾಡ್ಸಿ ಅದರ ಹೆಸರಲ್ಲಿ ಹಾಕಿ. ಈಗಾಗ್ಲೇ ಒಬ್ಬರ ಹೆಸರಲ್ಲಿ ಆಗಿಹೋಗಿದೆ ಅಂದ್ರೆ ಬರವಣಿಗೆಯಲ್ಲಿ ವರ್ಗಾವಣೆ ಮಾಡ್ಸಿ ರಿಜಿಸ್ಟ್ರಿಯಲ್ಲೂ ಬದಲಾಯಿಸ್ಬಹುದು, ಎಲ್ಲರೂ ಒಟ್ಟಿಗೆ ಚೆನ್ನಾಗಿರುವಾಗ್ಲೇ ಮಾಡ್ಸಿ.

ಕಾರವಾರದ ಒಣಮೀನಿನ ಹುಡುಗ ಮಾತು ನಡೀತಿರುವಾಗ್ಲೇ ಮೊಬೈಲಲ್ಲಿ ಹುಡುಕಿ ನೋಡಿದ್ದ, ಅವನ ಹೆಸರು 29ನೇ ಕ್ಲಾಸಲ್ಲಿ ಬೇರೆಯವ್ರದ್ದು ಆಗ್ಲೇ ರಿಜಿಸ್ಟರ್ ಆಗಿ ಕೂತಿದೆ. ಮುಖ ಸಣ್ಣ ಮಾಡ್ಕೊಂಡು ಕೇಳಿದ, ಈಗೇನು ಮಾಡೋದು ಅಂತ. ಯಾವಾಗ ಶುರು ಮಾಡಿದ್ದು ಅಂದೆ, ಈಚೆಗೆ ಅಂದ. ಅವ್ರದ್ದು ಹಳೇದು. ತಮ್ಮಾ, ಹೆಸರು ಬದಲಾಯಿಸು, ಈಗ್ಲೇ, ಮುಂದಿನ ಲೇಬಲ್ ಆರ್ಡರ್ ಕೊಡೋದಕ್ಕಿಂತ ಮೊದ್ಲು. ಹಳೇ ಗಿರಾಕಿಗಳ ನಂಬರ್ ನಿನ್ನ ಹತ್ರ ಇದೆ, ಒಬ್ಬೊಬ್ಬರಿಗೂ ಮೆಸೇಜ್ ಮಾಡಿ ಹೇಳು, ಮೀನು ಅದೇ, ಕೈ ಅದೇ, ಹೆಸರು ಮಾತ್ರ ಹೊಸದು ಅಂತ. ಹೊಸ ಹೆಸರು ಯಾವುದು ಅಂತ ನಿಕ್ಕಿ ಮಾಡಿದ ಮೇಲೆ ಪ್ರೆಸ್ಸಿಗೆ ಹೋಗೋ ಮೊದ್ಲು ನನಗೊಂದು ಫೋನ್ ಮಾಡು, ಒಟ್ಟಿಗೆ ಕೂತು ಹುಡುಕುವಾ.